ಸರ್ಕಾರಿ ಕಚೇರಿಗೆ ಟೇಪ್ ಹಿಡಿದು ಹೋಗಿ

ನಾನು ವೀಲ್‌ಚೇರ್ ಬಳಸುವವನು. ಬೆಂಗಳೂರಿನ ಸರ್ಕಾರಿ ಕಟ್ಟಡಗಳ ಬಗ್ಗೆ ದೂರು ಕೊಡುವುದು ನನಗೀಗ ರೂಢಿಯಾಗಿದೆ. "ಅಂಗವಿಕಲರಿಗೆ ತುಂಬಾ ತೊಂದರೆ, ದಯವಿಟ್ಟು ಸರಿಪಡಿಸಿ" ಅಂತ ಬರೆದರೆ "ಪರಿಶೀಲಿಸಲಾಗುವುದು" ಅಂತ ಉತ್ತರ ಬರುತ್ತದೆ. ಅಲ್ಲಿಗೆ ಮುಗಿಯಿತು. ಅಳತೆ ಬರೆದ ದೂರು ಮಾತ್ರ ಎಂಜಿನಿಯರ್ ಮೇಜಿಗೆ ಹೋಗುತ್ತದೆ.

ನಮ್ಮ ಬಡಾವಣೆಯ ಒಂದು ಕಚೇರಿಯ ವಿಷಯ ಹೇಳುತ್ತೇನೆ. ಬಾಡಿಗೆ ಕಟ್ಟಡ. ಮುಂದೆ ಒಂದು ರ‍್ಯಾಂಪ್ ಇತ್ತು, ಆದರೆ ಅದು ಸಿಬ್ಬಂದಿಯ ಸ್ಕೂಟರ್ ಹತ್ತಿಸಲು ಮಾಡಿದ್ದು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಬಾಗಿಲು ರಸ್ತೆಯಿಂದ 60 ಸೆಂ.ಮೀ. ಎತ್ತರ, ರ‍್ಯಾಂಪ್ ಉದ್ದ 2 ಮೀಟರ್. ಇರಬೇಕಾದ ಇಳಿಜಾರು 1:12, ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಆ ಲೆಕ್ಕಕ್ಕೆ 7.2 ಮೀಟರ್ ಬೇಕು. ಉದ್ದ ಅಳೆಯಲು ಬಿಡದಿದ್ದರೆ ಫೋನಿನ ಲೆವೆಲ್ ಆ್ಯಪ್ ತೆರೆದು ರ‍್ಯಾಂಪ್ ಮೇಲಿಡಿ. 5 ಡಿಗ್ರಿ ದಾಟಿದರೆ ಕಡಿದಾಗಿದೆ ಅಂತಲೇ ಅರ್ಥ. ಬಾಗಿಲು 90 ಸೆಂ.ಮೀ. ಅಗಲ ಇದೆಯಾ ನೋಡಿ. ಫೋಟೋದಲ್ಲಿ ಟೇಪಿನ ಅಂಕಿ ಕಾಣಬೇಕು.

"ಬಾಡಿಗೆ ಕಟ್ಟಡ ಸಾರ್, ಓನರ್ ಒಪ್ಪಲ್ಲ" ಅಂದರು ಅಲ್ಲಿನ ಅಧಿಕಾರಿ. "ಬರೋ ಮುಂಚೆ ಫೋನ್ ಮಾಡಿ, ಹುಡುಗರು ಎತ್ಕೊಂಡು ಬರ್ತಾರೆ" ಅಂತಲೂ ಸೇರಿಸಿದರು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಆದರೆ ನಾನೇನು ಅಕ್ಕಿ ಮೂಟೆನಾ?

ಬಾಡಿಗೆಯ ನೆಪ ನಡೆಯುವುದಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪ್ರಕಾರ, ಸಾರ್ವಜನಿಕರು ಬಳಸುವ ಕಟ್ಟಡ ಸರ್ಕಾರದ್ದಾದರೂ ಖಾಸಗಿಯಾದರೂ ಸಾರ್ವಜನಿಕ ಕಟ್ಟಡವೇ. ಹಳೆಯ ಕಟ್ಟಡಗಳನ್ನು ಸರಿಮಾಡಲು ಸೆಕ್ಷನ್ 45 ಕೊಟ್ಟಿದ್ದು, ಕಾಯ್ದೆ ಜಾರಿಗೆ ನಿಯಮ ಬಂದ ಮೇಲೆ ಐದು ವರ್ಷ. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಗಡುವು ಯಾವಾಗಲೋ ಮುಗಿದಿದೆ, ಅಲ್ವಾ?

ದೂರಿಗೆ ಮೊದಲು ಒಂದು ಆರ್‌ಟಿಐ ಅರ್ಜಿ ಹಾಕಿದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ವಿಷಯವೂ ಒಂದೇ ಇರಬೇಕು. ಹಾಗಾಗಿ ಸುಮ್ನೆ ಕಷ್ಟ ತೋಡಿಕೊಳ್ಳಲು ಅಲ್ಲಿ ಜಾಗವಿಲ್ಲ. ಕಟ್ಟಡದ ಆಕ್ಸೆಸ್ ಆಡಿಟ್, ಅಂದರೆ ಅಂಗವಿಕಲರು ಅದನ್ನು ಬಳಸಬಹುದೇ ಅಂತ ಮಾಡುವ ತಪಾಸಣೆ, ಅದರ ವರದಿಯ ಪ್ರತಿ ಕೊಡಿ ಅಂತ ಕೇಳಿದೆ. "ಆಡಿಟ್ ನಡೆದಿರುವುದಿಲ್ಲ" ಅಂತ ಉತ್ತರ ಬಂತು. ನನಗೆ ಬೇಕಾಗಿದ್ದದ್ದೂ ಅದೇ, ಅವರ ಸಹಿ ಸಮೇತ.

ಆ ಕಾಗದ, ಅಳತೆ, ಫೋಟೋ ಎಲ್ಲ ಸೇರಿಸಿ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಟ್ಟೆ. ವಿಚಾರಣೆಗೆ ಅಧಿಕಾರಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಆಯುಕ್ತರಿಗೆ ಸಿವಿಲ್ ಕೋರ್ಟಿನ ಅಧಿಕಾರವಿದೆ. ಅವರು ಕೊಡುವುದು ಶಿಫಾರಸು, ಆದೇಶವಲ್ಲ. ಆದರೂ ಏನು ಕ್ರಮ ಕೈಗೊಂಡೆವು ಅಂತ ಕಚೇರಿ ಮೂರು ತಿಂಗಳೊಳಗೆ ತಿಳಿಸಬೇಕು. "ಅಳತೆಗಳೆಲ್ಲ ಬರೀ ಮಾರ್ಗಸೂಚಿ" ಅಂದವರಿಗೆ ನಾನು ರಾಜೀವ್ ರತುರಿ ಪ್ರಕರಣ ತೋರಿಸುತ್ತೇನೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಈ ಅಳತೆಗಳನ್ನು ಮಾರ್ಗಸೂಚಿಯ ಮಟ್ಟಕ್ಕೇ ಬಿಟ್ಟಿದ್ದ 2017ರ ನಿಯಮಗಳ ರೂಲ್ 15(1)ನ್ನು ರದ್ದು ಮಾಡಿ, ಕಡ್ಡಾಯ ನಿಯಮಗಳನ್ನು ತನ್ನಿ ಅಂತ ಕೇಂದ್ರಕ್ಕೆ ಹೇಳಿತು.

ಕಚೇರಿಗೆ ಆಯುಕ್ತರ ನೋಟಿಸ್ ಹೋದ ಮೇಲೆ ಒಂದು ವಿಷಯ ಗೊತ್ತಾಯಿತು. ಒಪ್ಪುವುದಿಲ್ಲ ಅಂದಿದ್ದರಲ್ಲ, ಆ ಓನರನ್ನು ಯಾರೂ ಕೇಳಿಯೇ ಇರಲಿಲ್ಲ! ಜಾಗ ಸಾಲದೆ ರ‍್ಯಾಂಪನ್ನು ನಡುವೆ ತಿರುಗಿಸಿ ಕಟ್ಟಿದರು. ಈಗ ಒಬ್ಬನೇ ಹತ್ತುತ್ತೇನೆ. ಕೈಹಿಡಿ ಮಾತ್ರ ಒಂದೇ ಕಡೆ ಇದೆ. ಇನ್ನು ಅಂಗವಿಕಲರಿಗೆ ಅಂತ ಬೋರ್ಡ್ ಹಾಕಿದ ಶೌಚಾಲಯದ ತುಂಬ ಹಳೆ ಫೈಲುಗಳು. ಅದರ ಮೇಲೊಂದು ದೂರು ನಡೆಯುತ್ತಿದೆ.