ಕಲಬುರಗಿ ಬಿಸಿಲಿಗೆ ಕರಗದ ಜೇನುಮೇಣದ ಮುಲಾಮು

ಏಪ್ರಿಲ್–ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕೋಕೋ ಬೆಣ್ಣೆ 34ರ ಆಸುಪಾಸಿನಲ್ಲೇ ಕರಗುವಂಥದ್ದು, ಕೊಬ್ಬರಿ ಎಣ್ಣೆ 24ಕ್ಕೇ. ಇವನ್ನೇ ನೆಚ್ಚಿಕೊಂಡು ಮಾಡಿದ ತುಟಿ ಮುಲಾಮು ಡಬ್ಬಿಯಲ್ಲೇ ನೀರಾಗುತ್ತದೆ. ಇಲ್ಲಿ ಮೇಣದ ಅಳತೆಯನ್ನು ಹಂಗಾಮು ನೋಡಿಯೇ ಹಿಡಿಯಬೇಕು.

ಚಳಿಗಾಲಕ್ಕೆ 100 ಗ್ರಾಂ ಮುಲಾಮಿಗೆ ನಾನು ಹಾಕುವುದು ಜೇನುಮೇಣ 20 ಗ್ರಾಂ, ಗಾಣದ ಕುಸುಬಿ ಎಣ್ಣೆ 50, ಔಡಲ ಎಣ್ಣೆ 20, ಕೋಕೋ ಬೆಣ್ಣೆ 10. ಬೇಸಿಗೆಗೆ ಕೋಕೋ ಬೆಣ್ಣೆ ಪೂರ್ತಿ ಬಿಟ್ಟು ಜೇನುಮೇಣ 27, ಕಾರ್ನೌಬಾ ಮೇಣ (ಒಂದು ಜಾತಿಯ ತಾಳೆ ಎಲೆಯಿಂದ ಬರುವ ಗಟ್ಟಿ ಮೇಣ) 3, ಕುಸುಬಿ 45, ಔಡಲ 25. ಕಾರ್ನೌಬಾ ಕರಗುವುದು 82–86 ಡಿಗ್ರಿಗೆ, ಜೇನುಮೇಣ 62–64ಕ್ಕೆ. ಅದಕ್ಕೇ ಮೊದಲು ಕಾರ್ನೌಬಾವನ್ನು ಔಡಲ ಎಣ್ಣೆಯಲ್ಲಿ ಹಾಕಿ, ಕುದಿಯುವ ನೀರಿನ ಮೇಲಿಟ್ಟ ಪಾತ್ರೆಯಲ್ಲಿ ಕರಗಿಸಿ, ಉರಿ ತಗ್ಗಿಸಿ ಜೇನುಮೇಣ ಸೇರಿಸುತ್ತೇನೆ. ಜೇನುಮೇಣ 85 ದಾಟಿದರೆ ಬಣ್ಣ ಕಂದುತ್ತದೆ. ನೇರ ಒಲೆಯ ಮೇಲಂತೂ ಇಡಲೇಬೇಡಿ, ಬೆಂಕಿ ಹತ್ತುವ ವಸ್ತು ಅದು. ಕುಸುಬಿ ಎಣ್ಣೆಯನ್ನು ಬೆಚ್ಚಗೆ ಮಾಡಿಯೇ ಸುರಿಯಿರಿ. ತಣ್ಣಗಿದ್ದರೆ ಮೇಣ ತಕ್ಷಣ ಗಂಟುಗಟ್ಟುತ್ತದೆ. ಹಾಗಾದರೆ ಮತ್ತೆ ಬಿಸಿಗಿಟ್ಟು, ಪೂರ್ತಿ ತಿಳಿಯಾಗುವವರೆಗೆ ಕಲಕಬೇಕು.

ಒಂದು ಡಬ್ಬಿಯನ್ನು ಮಾಳಿಗೆ ಮೇಲಿನ ಕೋಣೆಯಲ್ಲಿ ಮಧ್ಯಾಹ್ನವಿಡೀ ಇಟ್ಟು ನೋಡಿ. ಮೇಲೆ ಎಣ್ಣೆಯ ಹನಿಗಳು ಬೆವರಿನಂತೆ ಮೂಡಿದ್ದರೆ ಮುಂದಿನ ಸಲ 2 ಗ್ರಾಂ ಮೇಣ ಹೆಚ್ಚಿಸಿ, ಅಷ್ಟೇ ಎಣ್ಣೆ ಇಳಿಸಿ. ತುಟಿಗೆ ಎಳೆದಾಗ ಜಾರದೆ ತಡವರಿಸಿದರೆ ಮೇಣ ಹೆಚ್ಚಾಗಿದೆ ಎಂದೇ ತಿಳಿಯಿರಿ.

ಹಸಿ ಜೇನುಹುಟ್ಟಿನಿಂದ ಮೇಣ ತೆಗೆಯುವವರಿಗೆ ನಮ್ಮ ಬೋರ್‌ವೆಲ್ ನೀರಿನದೇ ತಕರಾರು. ಗಡಸು ನೀರಲ್ಲಿ ಕಾಯಿಸಿದರೆ ಅದರ ಕ್ಯಾಲ್ಸಿಯಂ ಮೇಣದ ಆಮ್ಲಗಳೊಂದಿಗೆ ಸೇರಿ ಸಾಬೂನಿನಂಥದ್ದಾಗುತ್ತದೆ. ಆರಿದ ಮೇಣದ ಬಿಲ್ಲೆಯ ಅಡಿಗೆ ಬೂದು ಬಣ್ಣದ ಮೆತ್ತನೆಯ ಪದರ ಕಟ್ಟುತ್ತದೆ, ಮೇಣ ವ್ಯರ್ಥ. ಮಳೆನೀರು ಅಥವಾ ಆರ್‌ಒ ಫಿಲ್ಟರ್ ನೀರು ಬಳಸಿ. ಪಾತ್ರೆ ಸ್ಟೀಲಿನದೇ ಇರಲಿ: ಕಬ್ಬಿಣದಲ್ಲಿ ಮೇಣ ಕಂದಾಗುತ್ತದೆ, ತಾಮ್ರದಲ್ಲಿ ಹಸಿರಾಗುತ್ತದೆ. ಕುದಿ ಬರುವ ಮುನ್ನವೇ ಇಳಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಮೇಲೊಂದು ಗೋಣಿಚೀಲ ಹೊದಿಸಿ ನಿಧಾನ ಆರಲು ಬಿಡಿ. ಬೇಗ ತಣಿದರೆ ಬಿಲ್ಲೆ ಬಿರುಕು ಬಿಡುತ್ತದೆ, ಕಸವೂ ಕೆಳಗೆ ಇಳಿಯುವುದಿಲ್ಲ. ಆರಿದ ಮೇಲೆ ಅಡಿಯ ಕಸವನ್ನು ಚಾಕುವಿನಿಂದ ಕೆರೆದು, ನೀರಿನ ಪಸೆ ಉಳಿಯದಂತೆ ಒಣಗಿಸಿ.

ಕುಸುಬಿ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಮುಲಾಮು ಸ್ವಲ್ಪ ತಣಿದ ಮೇಲೆ 100 ಗ್ರಾಂಗೆ ಅರ್ಧ ಗ್ರಾಂ ವಿಟಮಿನ್ ಇ ಕಲಸಿದರೆ ಅದು ತಡವಾಗುತ್ತದೆ. ಬೂಷ್ಟು ತಡೆಯುವ ಗುಣ ಮಾತ್ರ ಅದಕ್ಕಿಲ್ಲ, ಆದ್ದರಿಂದ ಒದ್ದೆ ಬೆರಳನ್ನು ಡಬ್ಬಿಗೆ ಹಾಕಬೇಡಿ.