ಕೆರೆ ದಂಡೆಗೆ ಮತ್ತೆ ಹುಲ್ಲು ಹೊದಿಸುವುದು ಹೇಗೆ?

ಕೆರೆ ಅಭಿವೃದ್ಧಿ ಅಂದರೆ ಸುತ್ತ ಕಲ್ಲು ಕಟ್ಟಿ, ಟೈಲ್ಸ್ ಹಾಸಿ, ನಾಲ್ಕು ಬೆಂಚು ಇಡುವುದು ಅಂತಾಗಿದೆ. ಏರಿಗೆ ಕಲ್ಲು ಬೇಕು, ಒಪ್ಪೋಣ. ಅಲೆ ಬಡಿದು ಮಣ್ಣು ಕೊಚ್ಚಬಾರದಲ್ವಾ? ಆದರೆ ಉಳಿದ ದಂಡೆಗೂ ಯಾಕೆ? 2024ರಲ್ಲಿ ರಾಮ್ಸಾರ್ ಪಟ್ಟಿ (ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುವುದು ಟೈಲ್ಸ್ ನೋಡಲಿಕ್ಕಲ್ಲ.

ಮೊದಲು ಕೆರೆ ಯಾರ ಸುಪರ್ದಿಯಲ್ಲಿದೆ ಕೇಳಿ. ಪಂಚಾಯಿತಿಯೋ, ಪಾಲಿಕೆಯೋ, ಸಣ್ಣ ನೀರಾವರಿ ಇಲಾಖೆಯೋ, ಅವರ ಒಪ್ಪಿಗೆ ಬರಹದಲ್ಲಿರಲಿ.

ಆಮೇಲೆ ಒಂದು ಮಳೆಗಾಲ ಸುಮ್ನೆ ನೋಡಿ. ಕೋಡಿ ಬಿದ್ದಾಗ ನೀರು ಎಲ್ಲಿವರೆಗೆ ಬಂತೋ ಅಲ್ಲಿ ಗೂಟ ಹೊಡೆಯಿರಿ. ಬೇಸಿಗೆಯಲ್ಲಿ ಎಲ್ಲಿಗೆ ಇಳಿಯಿತೋ ಅಲ್ಲೊಂದು. ಈ ಎರಡು ಗೂಟಗಳ ನಡುವಿನ ಪಟ್ಟಿಯೇ ನಿಮ್ಮ ಕೆಲಸದ ಜಾಗ. ಗಟಾರ ನೀರು ಎಲ್ಲಿ ಸೇರುತ್ತದೆ ಅಂತಲೂ ಗುರುತು ಮಾಡಿಕೊಳ್ಳಿ. ಅದನ್ನು ತಡೆಯದಿದ್ದರೆ ಮುಂದಿನದೆಲ್ಲ ವ್ಯರ್ಥ.

ಯಾಕೆಂದರೆ ನೀರ ಮೇಲೆ ತೇಲುವ ಕಳೆ ಅಂತರಗಂಗೆಗೆ (ವಾಟರ್ ಹಯಸಿಂತ್) ಗಟಾರದ ನೀರೇ ಗೊಬ್ಬರ. ಒಂದು ಗಿಡ ಎತ್ತಿ ನೋಡಿ: ಗುಳ್ಳೆಯಂತೆ ಉಬ್ಬಿದ ದಂಟು, ಕೆಳಗೆ ಕಪ್ಪು ಗಡ್ಡದಂಥ ಬೇರು, ಬೇರಿನಿಂದ ಉದುರುವ ಸಣ್ಣ ಸಣ್ಣ ಬಸವನಹುಳ. ಅನುಕೂಲವಿದ್ದರೆ ಎರಡೇ ವಾರದಲ್ಲಿ ದುಪ್ಪಟ್ಟಾಗುತ್ತದೆ. ಬೀಜ ಕೆಸರಿನಲ್ಲಿ ಹತ್ತು ವರ್ಷಕ್ಕೂ ಜಾಸ್ತಿ ಬದುಕುತ್ತದೆ. ಹಾಗಾಗಿ ಹೂವಾಗುವ ಮೊದಲೇ ಕೀಳಿ. ಕಿತ್ತದ್ದನ್ನು ದಂಡೆಯಲ್ಲಿ ಗುಡ್ಡೆ ಹಾಕಬೇಡಿ, ಕೊಳೆತ ರಸ ಮತ್ತೆ ಕೆರೆಗೇ ಇಳಿಯುತ್ತದೆ. ದೂರ ಒಯ್ದು ಕಾಂಪೋಸ್ಟ್ ಮಾಡಿ.

ನೆಡುವುದು ಜೂನ್-ಜುಲೈನಲ್ಲಿ. ಮಳೆ ಬಿದ್ದ ಮರುದಿನವೇ ಎರಿ (ಕಪ್ಪು) ಮಣ್ಣಿಗೆ ಇಳಿದರೆ ಚಪ್ಪಲಿ ಒಂದೊಂದು ಸೇರು ತೂಗುತ್ತದೆ. ಎರಡು ದಿನ ಬಿಡಿ. ನೀರಿನ ಅಂಚಿಗೆ ಜೊಂಡು, ಆದರೆ ಸ್ವಲ್ಪವೇ, ಬಿಟ್ಟರೆ ಕೆರೆಯನ್ನೇ ನುಂಗುತ್ತದೆ. ಅದರ ಮೇಲೆ ಲಾವಂಚ. ಇದರ ಬೇರು ಎರಡು-ಮೂರು ಮೀಟರ್ ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತದೆ. ಇನ್ನೂ ಮೇಲೆ ಕರಿಕೆ, ಲಕ್ಕಿ, ಹೊಂಗೆ, ನೇರಳೆ. ತಾನಾಗಿ ಬೆಳೆದ ಕರಿಜಾಲಿ ಇದ್ದರೆ ಕಡಿಯಬೇಡಿ. ಮುಳ್ಳಿನ ಆ ಮರದಲ್ಲೇ ಕೊಕ್ಕರೆ ಗೂಡು ಕಟ್ಟುವುದು. ಏರಿ ಮೇಲೆ ಮಾತ್ರ ಮರ ಬೇಡ, ಬೇರು ಏರಿಯನ್ನು ಸಡಿಲಿಸುತ್ತದೆ.

ದನಗಳಿಗೆ ನೀರಿಗಿಳಿಯಲು ಒಂದು ದಾರಿ ಬಿಡಿ. ಸುತ್ತಲೂ ಬೇಲಿ ಹಾಕಿದರೆ ಊರವರೇ ಕೀಳುತ್ತಾರೆ, ಅದೂ ನ್ಯಾಯವೇ.

ಬೇಸಿಗೆಯಲ್ಲಿ ಎರಿ ನೆಲ ಬಿರಿದು ಬೇರು ಹೊರಬೀಳುತ್ತದೆ. ಸಸಿಯ ಬುಡಕ್ಕೆ ಜೋಳದ ದಂಟು ಮುಚ್ಚಿ. ಆಗ ಕಾಲ ಕೆಳಗೂ ನೋಡಿ ನಡೆಯಿರಿ. ಟಿಟ್ಟಿಭ ಬರೀ ನೆಲದ ಮೇಲೆ, ಹರಳುಗಳ ನಡುವೆ ಮೊಟ್ಟೆ ಇಡುತ್ತದೆ, ಮಣ್ಣಿನದೇ ಬಣ್ಣ. ತಲೆ ಮೇಲೆ ಸುತ್ತಿ ಕಿರುಚತೊಡಗಿದರೆ ಹಿಂದೆ ಸರಿಯಿರಿ. ಅಲ್ಲಿನ ಕೆಲಸ ಒಂದು ತಿಂಗಳು ಮುಂದೆ ಹಾಕಿದರಾಯಿತು.