ಹಾಳೂರು ಹಕ್ಕಲಿನ ಕಲ್ಲು

ನಮ್ಮದು ಮುಳುಗಡೆ ಕುಟುಂಬ. 1964ರ ಹೊತ್ತಿಗೆ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಶರಾವತಿ ನೀರು ನಿಂತಿತು. ಅಜ್ಜ ಮನೆಯ ಬಾಗಿಲು, ಒರಳುಕಲ್ಲು, ಎರಡು ಎಮ್ಮೆ ಕಟ್ಟಿಕೊಂಡು ಹೊಸನಗರ ತಾಲೂಕಿನ ಈ ಊರಿಗೆ ಬಂದರು. "ನಾವು ಬಂದಾಗ ಇಲ್ಲಿ ಬರೀ ಕಾಡು" ಅನ್ನುವ ಮಾತು ಕೇಳುತ್ತಲೇ ಬೆಳೆದೆ. ಊರಿನ ಚರಿತ್ರೆ ಬರೆಯಲು ಕೂತಾಗ ಮೊದಲ ಸಾಲೂ ಅದೇ ಆಗಿತ್ತು. ಆಮೇಲೆ ಅದನ್ನು ಹೊಡೆದುಹಾಕಿದೆ.

ಮೊದಲು ಹಿರಿಯರನ್ನು ಮಾತಾಡಿಸಿದೆ. ಯಾವ ಇಸವಿಯಲ್ಲಿ ಬಂದಿರಿ ಅಂತ ಕೇಳಿದರೆ ಯಾರಿಗೂ ನೆನಪಿಲ್ಲ. "ಬರುವಾಗ ತೊಟ್ಟಿಲಲ್ಲಿ ಯಾರಿದ್ರು ಅಜ್ಜಿ?" ಅಂತ ಕೇಳಿ ನೋಡಿ. ಸೋಗೆ ಗುಡಿಸಲಲ್ಲಿ ಕಳೆದ ಮಳೆಗಾಲ, ಸತ್ತ ಎಮ್ಮೆ, ಎಲ್ಲ ಸಾಲಾಗಿ ಬರುತ್ತವೆ. ಆ ಮಗುವಿನ ಜಾತಕ ಸಿಕ್ಕರೆ ಇಸವಿ ಸಿಕ್ಕಿದ ಹಾಗೆ. ಶಾಲೆಯ ದಾಖಲೆ ಮಾತ್ರ ಸುಮ್ನೆ ನಂಬಬೇಡಿ, ಹುಟ್ಟಿದ ದಿನವನ್ನು ಅಂದಾಜಿಗೆ ಬರೆಸಿದ್ದೇ ಜಾಸ್ತಿ.

ಜೊತೆಗೆ ಗದ್ದೆ, ಬ್ಯಾಣ (ಹುಲ್ಲುಗಾವಲು), ಹಕ್ಕಲು (ಬೀಳು ಜಾಗ), ಹಳ್ಳ ಎಲ್ಲದರ ಹೆಸರನ್ನೂ ಬರೆದುಕೊಂಡೆ. ಅದರಲ್ಲಿ ಒಂದು 'ಹಾಳೂರು ಹಕ್ಕಲು'. ಪಕ್ಕದೂರಿನ ಹಳಬರು ಹಾಗೆ ಕರೆಯುತ್ತಿದ್ದರು, ನಮ್ಮವರೂ ಹಾಗೇ ಕರೆದರು. ಊರೇ ಇಲ್ಲದ ಕಡೆ ಹಾಳೂರು ಎಲ್ಲಿಂದ ಬರಬೇಕು, ಅಲ್ವಾ?

ಕಂದಾಯದ ಹಳೆಯ ಕಾಗದ ತೆಗೆಸಿ ನೋಡಿದೆ. ಆ ಜಾಗಕ್ಕೆ ಬೇರೆಯೇ ಗ್ರಾಮದ ಹೆಸರಿತ್ತು, ಮುಂದೆ 'ಬೇಚಿರಾಕ್' ಎಂದಿತ್ತು. ಪಾರಸಿಯಲ್ಲಿ ಚಿರಾಗ್ ಅಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು. ಲೆಕ್ಕದಲ್ಲಿ ಹೆಸರು, ಗಡಿ, ಸರ್ವೆ ನಂಬರು ಎಲ್ಲ ಇದೆ, ಮನೆ ಒಂದೂ ಇಲ್ಲ. ನಿಮ್ಮ ಊರಿನ ಸುತ್ತಲೂ ಈ ಪದ ಹುಡುಕಿ. ಮಲೆನಾಡಿನಲ್ಲಿ ಇಂಥವು ಕಡಿಮೆಯೇನಿಲ್ಲ.

ಬೇಸಿಗೆಯಲ್ಲಿ ಹಕ್ಕಲು ಹತ್ತಿದೆ. ಮುಚ್ಚಿಹೋದ ಬಾವಿ, ಜಂಬಿಟ್ಟಿಗೆಯ ತಳಪಾಯ, ಮಡಕೆ ಚೂರು ಕಂಡವು. ಹಲಸಿನ ಬುಡದಲ್ಲಿ ಒಂದು ಕಲ್ಲು ಒರಗಿತ್ತು. ಮಧ್ಯಾಹ್ನದ ಬಿಸಿಲಲ್ಲಿ ನೋಡಿದರೆ ಬರೀ ಹಾವಸೆ. ಸಂಜೆ ಮತ್ತೆ ಹೋಗಿ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿದು ಅಡ್ಡ ಬೆಳಕು ಬಿಟ್ಟೆ. ಉಬ್ಬುಗಳಿಗೆ ನೆರಳು ಬಿದ್ದು ಚಿತ್ರ ಎದ್ದು ಬಂತು. ಕೆಳಗೆ ಬಿಲ್ಲು ಎಳೆದವನು, ಅವನ ಹಿಂದೆ ದನ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗ, ಅದರ ಎರಡೂ ಕಡೆ ಸೂರ್ಯ ಚಂದ್ರ. ತುರು ಕಾಯಲು ಹೋಗಿ ಸತ್ತವನ ವೀರಗಲ್ಲು. ಎಷ್ಟು ಹೊತ್ತು ಅಲ್ಲೇ ಕೂತಿದ್ದೆನೋ.

ಇಂಥ ಕಲ್ಲು ಸಿಕ್ಕರೆ ತಂತಿ ಬ್ರಶ್ ಹಾಕಿ ಉಜ್ಜಬೇಡಿ, ಸುಣ್ಣ, ಬಣ್ಣ ಬಳಿಯಬೇಡಿ. ನೀರು, ಮೆತ್ತನೆಯ ಬ್ರಶ್ ಸಾಕು. ಶಿವಮೊಗ್ಗ ಜಿಲ್ಲೆಯ ಶಾಸನಗಳು ಬಿ. ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟದಲ್ಲಿವೆ. ಸಾಗರ, ಸೊರಬ, ನಗರ (ಈಗಿನ ಹೊಸನಗರ), ತೀರ್ಥಹಳ್ಳಿ ಕಡೆಯವರು 8ನೆಯದನ್ನು ನೋಡಬೇಕು. ನಮ್ಮ ಕಲ್ಲು ಅದರಲ್ಲಿಲ್ಲ, ಅದರ ಮೇಲೆ ಒಂದಕ್ಷರವೂ ಇಲ್ಲ. ಅದಕ್ಕೇ ಇಸವಿ ಬರೆಯಲಿಲ್ಲ. ಅಕ್ಷರವಿಲ್ಲದ ಕಲ್ಲಿಗೆ ಕೆಳದಿ ಅರಸರ ಹೆಸರು ಅಂಟಿಸುವುದು ಸುಲಭ, ಆದರೆ ಅದು ಚರಿತ್ರೆ ಅಲ್ಲ.

ಉಳಿದದ್ದು ಒಂದೇ ಪ್ರಶ್ನೆ, ಆ ಜನ ಎಲ್ಲಿ ಹೋದರು? ಹಕ್ಕಲಿನ ಅಂಚಿನಲ್ಲಿ ಚೌಡಿ ಅನ್ನುವ ದೇವತೆಯ ಬನವಿದೆ, ಅಲ್ಲಿಗೆ ಗುಡ್ಡದಾಚೆಯ ಒಂದು ಕುಟುಂಬ ವರ್ಷಕ್ಕೊಮ್ಮೆ ಹಣ್ಣುಕಾಯಿಗೆ ಬರುತ್ತದೆ. ಯಾಕೆ ಅಂತ ನಾವು ಯಾವತ್ತೂ ಕೇಳಿರಲಿಲ್ಲ. ಈ ಸಲ ಅವರ ಮನೆಯ ಅಜ್ಜಿಯನ್ನು ಕೇಳಿದೆ. "ಇದು ನಮ್ಮ ಮೂಲದ ಚೌಡಿ, ತಮಾ. ನಮ್ಮತ್ತೆಯ ಮಾವನ ಕಾಲಕ್ಕೆ ಚಳಿಜ್ವರ ಬಂದು ಒಂದೇ ಮಳೆಗಾಲದಲ್ಲಿ ಮೂರು ಹೆಣ ಬಿತ್ತಂತೆ. ಉಳಿದವರು ಗುಡ್ಡ ದಾಟಿದ್ರು" ಅಂದರು. ಮಲೇರಿಯ ಹೀಗೆ ಮಲೆನಾಡಿನ ಎಷ್ಟೋ ಊರುಗಳನ್ನು ಖಾಲಿ ಮಾಡಿದೆ. 1950ರ ದಶಕದಲ್ಲಿ ಸೊಳ್ಳೆ ಕೊಲ್ಲುವ ಡಿಡಿಟಿಯನ್ನು ವ್ಯಾಪಕವಾಗಿ ಹೊಡೆದ ಮೇಲೆ ಅದು ತಗ್ಗಿತು. ನಮ್ಮವರು ಬಂದದ್ದು ಅದಾದ ಮೇಲೆ.

ಅಜ್ಜಿಯನ್ನು ಕೈಹಿಡಿದು ಮೇಲೆ ಕರೆದುಕೊಂಡು ಹೋದೆ. ಆ ಬಾವಿಯನ್ನು ಅವರೂ ಕಂಡವರಲ್ಲ, ಅತ್ತೆಯ ಬಾಯಲ್ಲಿ ಕೇಳಿದ್ದಷ್ಟೆ. ಆದರೂ ಮುಚ್ಚಿದ ಬಾವಿಯ ಎದುರು ನಿಂತು, "ಹಾಗಾದ್ರೆ ಹೆಬ್ಬಾಗಿಲು ಈ ಕಡೆ ಇರ್ಬೇಕು" ಅಂತ ಪೂರ್ವಕ್ಕೆ ತಿರುಗಿದರು. ತಳಪಾಯದಲ್ಲಿ ಮೆಟ್ಟಿಲು ಇರುವುದೂ ಆ ಕಡೆಗೇ.